ಎರಡು ವರ್ಷ ಎರಡು ತಿಂಗಳು ಬದುಕಿದ ವಾರಪತ್ರಿಕೆ

1768ರ ಸೆಪ್ಟೆಂಬರಿನಲ್ಲಿ ಕಲ್ಕತ್ತೆಯ ಕೌನ್ಸಿಲ್ ಭವನದ ಬಾಗಿಲಿಗೆ ಯಾರೋ ಒಂದು ಚೀಟಿ ಅಂಟಿಸಿದ್ದರು. ಊರಿನಲ್ಲಿ ಒಂದು ಅಚ್ಚುಕೂಟವೂ ಇಲ್ಲದೆ ವ್ಯಾಪಾರಕ್ಕೂ ಜನಜೀವನಕ್ಕೂ ತೊಂದರೆಯಾಗಿದೆ, ಮುದ್ರಣ ಬಲ್ಲವರು ಮುಂದೆ ಬಂದರೆ ಸಹಾಯ ಮಾಡುತ್ತೇನೆ, ಅಲ್ಲಿಯವರೆಗೆ ಎಲ್ಲರಿಗೂ ಸಂಬಂಧಪಟ್ಟ ಕೆಲವು ಹಸ್ತಪ್ರತಿಗಳು ನನ್ನ ಮನೆಯಲ್ಲಿವೆ, ಬಂದು ಓದಿಕೊಳ್ಳಬಹುದು ಎಂಬುದು ಅದರ ಸಾರಾಂಶ. ಅಂಟಿಸಿದವನು ವಿಲಿಯಂ ಬೋಲ್ಟ್ಸ್. ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿದ್ದು, ಅದರ ಅಧಿಕಾರಿಗಳೊಡನೆ ಜಗಳವಾಡಿಕೊಂಡಿದ್ದ ವರ್ತಕ. ಹಸ್ತಪ್ರತಿಗಳಲ್ಲಿ ಏನಿರಬಹುದೆಂದು ಅಧಿಕಾರಿಗಳಿಗೆ ಊಹಿಸುವುದು ಕಷ್ಟವಾಗಲಿಲ್ಲ. ಬೋಲ್ಟ್ಸ್‌ನನ್ನು ಬಂಗಾಳದಿಂದಲೇ ಹೊರಹಾಕಿ ಯುರೋಪಿನ ಹಡಗು ಹತ್ತಿಸಿದರು.

ಅದಾಗಿ ಹನ್ನೊಂದು ವರ್ಷಗಳ ತನಕ ಯಾರೂ ಅಂಥ ಸಾಹಸಕ್ಕೆ ಕೈಹಾಕಲಿಲ್ಲ. 1780ರ ಜನವರಿ 29ರ ಶನಿವಾರ ಜೇಮ್ಸ್ ಅಗಸ್ಟಸ್ ಹಿಕ್ಕಿ ಎಂಬ ಐರಿಷ್ ಮನುಷ್ಯ ‘ಹಿಕ್ಕೀಸ್ ಬೆಂಗಾಲ್ ಗೆಜೆಟ್’ ಎಂಬ ಇಂಗ್ಲಿಷ್ ವಾರಪತ್ರಿಕೆಯ ಮೊದಲ ಸಂಚಿಕೆಯನ್ನು ಹೊರತಂದ. ಭಾರತದಲ್ಲಿ ಅಚ್ಚಾದ ಮೊದಲ ವೃತ್ತಪತ್ರಿಕೆ ಅದೇ. ದೇಶದಲ್ಲಿ ಇಂದಿಗೂ ಜನವರಿ 29ನ್ನು ವೃತ್ತಪತ್ರಿಕೆಯ ದಿನವೆಂದು ನೆನೆಯುವುದು ಇದೇ ಕಾರಣಕ್ಕೆ. ಪತ್ರಿಕೆ ಬದುಕಿದ್ದು 1782ರ ಮಾರ್ಚಿನವರೆಗೆ ಮಾತ್ರ. ಅದನ್ನು ಮುಚ್ಚಿಸಲು ಸರ್ಕಾರಕ್ಕೆ ಪತ್ರಿಕಾ ಕಾಯಿದೆಯೇ ಬೇಕಾಗಲಿಲ್ಲ. ಆಗ ಅಂಥ ಕಾಯಿದೆ ಇರಲೂ ಇಲ್ಲ. ಟಪಾಲು, ನ್ಯಾಯಾಲಯ, ಅಚ್ಚುಮೊಳೆ ಈ ಮೂರನ್ನು ಒಂದಾದ ಮೇಲೊಂದರಂತೆ ಬಳಸಿ ಕೆಲಸ ಮುಗಿಸಿದರು.

ಸೆರೆಮನೆಯಲ್ಲಿ ಕಲಿತ ಕಸುಬು

ಹಿಕ್ಕಿ ಹುಟ್ಟು ಪತ್ರಕರ್ತನಲ್ಲ. ಲಂಡನ್ನಿನಲ್ಲಿ ಮುದ್ರಕನೊಬ್ಬನ ಬಳಿ ಸ್ವಲ್ಪ ಕಾಲ ಶಾಗಿರ್ದನಾಗಿದ್ದ, ವಕೀಲನೊಬ್ಬನ ಬಳಿ ಗುಮಾಸ್ತಿಕೆ ಮಾಡಿದ, ಶಸ್ತ್ರವೈದ್ಯದಲ್ಲೂ ಕೈಯಾಡಿಸಿದ. ಯಾವುದೂ ನೆಲೆ ಕೊಡಲಿಲ್ಲ. 1772ರಲ್ಲಿ ಹಡಗಿನ ವೈದ್ಯನ ಸಹಾಯಕನಾಗಿ ಭಾರತಕ್ಕೆ ಹೊರಟು ಕಲ್ಕತ್ತೆಯಲ್ಲಿ ಇಳಿದ. ಇಲ್ಲಿ ಚಿಕಿತ್ಸೆ ಮಾಡುತ್ತ, ಸಾಲ ಎತ್ತಿ ಕರಾವಳಿಯ ಹಡಗು ವ್ಯಾಪಾರಕ್ಕೆ ಇಳಿದ. ಸರಕು ಹಾಳಾಗಿ ವ್ಯಾಪಾರ ಮುಳುಗಿತು, ಸಾಲಗಾರರು ಬೆನ್ನು ಹತ್ತಿದರು. 1776ರಲ್ಲಿ ಸಾಲ ತೀರಿಸಲಾಗದೆ ಜೈಲು ಸೇರಿದ.

ಅದೇ ಜೈಲಿನಲ್ಲಿ ಅವನ ಬದುಕು ಹೊರಳಿತು. ಆ ಕಾಲದ ಕಲ್ಕತ್ತೆಯಲ್ಲಿ ವಿಲಿಯಂ ಹಿಕಿ ಎಂಬ ವಕೀಲನಿದ್ದ. ಹೆಸರು ಹತ್ತಿರವಾದರೂ ಇವರಿಬ್ಬರೂ ಸಂಬಂಧಿಕರಲ್ಲ. ಆ ವಕೀಲನ ಆತ್ಮಕಥೆಯ ಪ್ರಕಾರ, ಮುದ್ರಣವನ್ನು ಕುರಿತ ಒಂದು ಪುಸ್ತಕ ಸೆರೆಮನೆಯಲ್ಲಿದ್ದ ಹಿಕ್ಕಿಯ ಕೈಗೆ ಸಿಕ್ಕಿತು. ಅದನ್ನು ಓದಿಕೊಂಡೇ ಅವನು ತಕ್ಕಮಟ್ಟಿಗೆ ಮೊಳೆಗಳನ್ನು ಸಿದ್ಧಮಾಡಿಕೊಂಡು, ಕರಪತ್ರ ಜಾಹೀರಾತುಗಳನ್ನು ಅಚ್ಚುಹಾಕಿಕೊಡತೊಡಗಿದ. ಕೈಗೆ ನಾಲ್ಕು ಕಾಸು ಬಂದ ಮೇಲೆ ಇಂಗ್ಲೆಂಡಿನಿಂದ ಸರಿಯಾದ ಮೊಳೆಗಳನ್ನು ತರಿಸಿಕೊಂಡ. 1777ರ ಹೊತ್ತಿಗೆ ಅವನ ಮುದ್ರಣ ಕೆಲಸ ನಡೆಯುತ್ತಿತ್ತು. ಸಾಲದ ಮೊಕದ್ದಮೆಗಳಿಂದ ಅವನನ್ನು ಬಿಡಿಸಿದ್ದೂ ಇದೇ ವಕೀಲ.

ಮೊದಮೊದಲು ಹಿಕ್ಕಿಗೆ ಕೆಲಸ ಕೊಟ್ಟದ್ದು ಕಂಪನಿಯೇ. 1779ರಲ್ಲಿ ಸೇನಾಪತಿ ಸರ್ ಐರ್ ಕೂಟ್ ಸೈನ್ಯದ ನಿಯಮಾವಳಿಯನ್ನು ಮುದ್ರಿಸುವ ದೊಡ್ಡ ಗುತ್ತಿಗೆಯನ್ನು ಅವನಿಗೆ ಒಪ್ಪಿಸಿದ. ಆದರೆ ಅಷ್ಟರಲ್ಲಿ ಚಾರ್ಲ್ಸ್ ವಿಲ್ಕಿನ್ಸ್‌ನ ಉಸ್ತುವಾರಿಯಲ್ಲಿ ಕಂಪನಿ ತನ್ನದೇ ಅಚ್ಚುಕೂಟ ತೆರೆಯುತ್ತಿತ್ತು. ಹೂಗ್ಲಿಯಲ್ಲಿ 1778ರಲ್ಲಿ ಅಚ್ಚಾದ ಹ್ಯಾಲ್ಹೆಡ್‌ನ ಬಂಗಾಳಿ ವ್ಯಾಕರಣಕ್ಕೆ ಪಂಚಾನನ ಕರ್ಮಕಾರನ ನೆರವಿನಿಂದ ಬಂಗಾಳಿ ಮೊಳೆಗಳನ್ನು ಎರಕ ಹೊಯ್ಯಿಸಿದವನು ಈ ವಿಲ್ಕಿನ್ಸ್. ಹಿಕ್ಕಿಗೆ ಬರುತ್ತಿದ್ದ ಸರ್ಕಾರಿ ಕೆಲಸ ಕೈತಪ್ಪಿತು, ಸೈನ್ಯದ ನಿಯಮಾವಳಿಯ ಬಿಲ್ಲು ವರ್ಷಗಟ್ಟಲೆ ಎಳೆದಾಡಿತು. ಈ ಕಹಿ ಅವನ ಪತ್ರಿಕೆಯ ಅಡಿಟಿಪ್ಪಣಿಯಲ್ಲೂ ಇಣುಕುತ್ತದೆ. ಕಲ್ಕತ್ತೆಯ ರಾಧಾ ಬಜಾರಿನ 67ನೇ ನಂಬರಿನ ವಿಳಾಸದ ಜೊತೆಗೆ, ತಾನು ಘನತೆವೆತ್ತ ಕಂಪನಿಯ ಮೊದಲ ಮುದ್ರಕ ಮತ್ತು ಮಾಜಿ ಮುದ್ರಕ ಎಂದು ಅವನು ಹಾಕಿಕೊಳ್ಳುತ್ತಿದ್ದ.

ನಾಲ್ಕು ಪುಟಗಳಲ್ಲಿ ಒಂದು ಊರು

ಪತ್ರಿಕೆಗೆ ನಾಲ್ಕು ಪುಟ, ಪುಟಕ್ಕೆ ಮೂರು ಅಂಕಣ. ಪ್ರತಿ ಶನಿವಾರ ಹೊರಬರುತ್ತಿತ್ತು. ರಾಜಕೀಯ ಮತ್ತು ವಾಣಿಜ್ಯದ ಈ ವಾರಪತ್ರಿಕೆ ಎಲ್ಲ ಪಕ್ಷಗಳಿಗೂ ತೆರೆದಿದೆ, ಯಾರ ಪ್ರಭಾವಕ್ಕೂ ಒಳಗಾಗುವುದಿಲ್ಲ ಎಂಬ ಘೋಷವಾಕ್ಯ ತಲೆಬರಹದ ಕೆಳಗೆ ಇರುತ್ತಿತ್ತು. ಅಂದಾಜಿನ ಪ್ರಕಾರ ವಾರಕ್ಕೆ 400ರಷ್ಟು ಪ್ರತಿಗಳು ಖರ್ಚಾಗುತ್ತಿದ್ದವು. ಇಂದಿನ ಲೆಕ್ಕದಲ್ಲಿ ಇದು ಏನೇನೂ ಅಲ್ಲ. ಆದರೆ ಕಲ್ಕತ್ತೆಯಲ್ಲಿ ಆಗಿದ್ದ ಇಂಗ್ಲಿಷ್ ಬಲ್ಲವರು ಕೆಲವೇ ಸಾವಿರ. ಒಂದು ಪ್ರತಿ ಸೈನಿಕರ ಬಿಡಾರದಲ್ಲೋ ಹೋಟೆಲಿನ ಮೇಜಿನ ಮೇಲೋ ಹತ್ತು ಕೈ ದಾಟುತ್ತಿತ್ತು.

ಇಂಗ್ಲೆಂಡಿನ ಸುದ್ದಿ ಹಡಗಿನಲ್ಲಿ ಬರಲು ಆರು ತಿಂಗಳೋ ಇನ್ನೂ ಹೆಚ್ಚೋ ಹಿಡಿಯುತ್ತಿತ್ತು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ವಾರ್ತೆಯೆಲ್ಲ ಹಳಸಿದ ಮೇಲೆಯೇ ಇಲ್ಲಿಗೆ ತಲುಪುತ್ತಿತ್ತು. ಆದ್ದರಿಂದ ಪತ್ರಿಕೆಯ ಜೀವಾಳ ಸ್ಥಳೀಯ ವಿಷಯಗಳೇ ಆಗಿದ್ದವು. ಕೆಟ್ಟ ರಸ್ತೆ, ಗಬ್ಬು ನಾರುವ ಚರಂಡಿ, ಹುಲ್ಲು ಚಾವಣಿಯ ಮನೆಗಳಿಗೆ ಬೀಳುತ್ತಿದ್ದ ಬೆಂಕಿ, ಸ್ಮಶಾನದ ಅವ್ಯವಸ್ಥೆ ಇವನ್ನೆಲ್ಲ ಕುರಿತು ಓದುಗರು ಸುಳ್ಳು ಹೆಸರಿನಲ್ಲಿ ಪತ್ರ ಬರೆಯುತ್ತಿದ್ದರು. ಕವಿತೆಗಳಿಗೆ ಒಂದು ಮೂಲೆ ಮೀಸಲಾಗಿತ್ತು. ದೊಡ್ಡವರ ಮನೆಯ ಪ್ರೇಮ ಪ್ರಕರಣಗಳೂ ನಾಟ್ಯಕೂಟಗಳೂ ಬೇರೊಂದು ಮೂಲೆ ಹಿಡಿದಿದ್ದವು.

ಜಾಹೀರಾತುಗಳೇ ಆ ಕಾಲದ ಕನ್ನಡಿ. ಮನೆ ಬಾಡಿಗೆ, ಕುದುರೆ, ಪಲ್ಲಕ್ಕಿ, ಮದೀರಾ ಮದ್ಯ, ಹೊರಡಲಿರುವ ಹಡಗು ಇವುಗಳ ನಡುವೆ 1780ರ ಒಂದು ಜಾಹೀರಾತು ಓದುಗನನ್ನು ತಡೆದು ನಿಲ್ಲಿಸುತ್ತದೆ. ತೀರಿಕೊಂಡ ಪೋರ್ಚುಗೀಸ್ ಪಾದ್ರಿಯೊಬ್ಬನ ಸ್ವತ್ತಾಗಿದ್ದ ಇಬ್ಬರು ಆಫ್ರಿಕನ್ ಹುಡುಗರು ಮಾರಾಟಕ್ಕಿದ್ದಾರೆ, ವಯಸ್ಸು ಸುಮಾರು ಹದಿನೆಂಟು, ಫ್ರೆಂಚ್ ಹಾರ್ನ್ ಎಂಬ ತುತ್ತೂರಿಯನ್ನು ಪರವಾಗಿಲ್ಲ ಎನ್ನುವಂತೆ ಊದಬಲ್ಲರು. ಸ್ವಾತಂತ್ರ್ಯದ ಪರ ಸಂಪಾದಕೀಯ ಬರೆಯುತ್ತಿದ್ದ ಪತ್ರಿಕೆಯೇ ಮನುಷ್ಯರ ಮಾರಾಟದ ಜಾಹೀರಾತನ್ನೂ ಹಾಕುತ್ತಿತ್ತು. ಹಿಕ್ಕಿಗಾಗಲಿ ಅವನ ಓದುಗರಿಗಾಗಲಿ ಇದರಲ್ಲಿ ಎಡವಟ್ಟೇನೂ ಕಾಣಲಿಲ್ಲ.

ಅಡ್ಡಹೆಸರಿಡುವುದರಲ್ಲಿ ಹಿಕ್ಕಿಯದು ಎತ್ತಿದ ಕೈ. ಕಲ್ಕತ್ತೆಯ ಯುವಕರ ನಿದ್ದೆಗೆಡಿಸಿದ್ದ ಎಮ್ಮಾ ರಾಂಗಮ್ ಅವನ ಅಂಕಣದಲ್ಲಿ ‘ಚಿನ್ಸುರಾ ಸುಂದರಿ’. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ‘ಮಹಾ ಮೊಗಲ’. ಮುಖ್ಯ ನ್ಯಾಯಮೂರ್ತಿ ಸರ್ ಎಲೈಜಾ ಇಂಪಿ ‘ಲಾರ್ಡ್ ಪೂಲ್‌ಬಂದಿ’. ನದಿಯ ಒಡ್ಡು, ಸೇತುವೆಗಳ ದುರಸ್ತಿಗೆ ಬಂಗಾಳದಲ್ಲಿ ಪೂಲ್‌ಬಂದಿ ಎನ್ನುತ್ತಿದ್ದರು. ಆ ಲಾಭದ ಗುತ್ತಿಗೆ ಇಂಪಿಯ ಬಂಧುವೊಬ್ಬನಿಗೆ ಸಿಕ್ಕಿತ್ತು. ಮುಂದಿನ ವಿವರಣೆ ಊರಿನಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಪೊಳಿಲೂರಿನ ಸುದ್ದಿ

ಹಿಕ್ಕಿಯ ಪತ್ರಿಕೆಗೂ ಮೈಸೂರಿಗೂ ನೇರ ನಂಟೊಂದಿದೆ. ಪತ್ರಿಕೆ ಆರಂಭವಾದ ವರ್ಷವೇ, ಜುಲೈ ತಿಂಗಳಲ್ಲಿ, ಹೈದರ್ ಅಲಿ ದೊಡ್ಡ ಸೈನ್ಯದೊಂದಿಗೆ ಘಟ್ಟ ಇಳಿದು ಕರ್ನಾಟಿಕ್ ಪ್ರಾಂತ್ಯಕ್ಕೆ ನುಗ್ಗಿದ. ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೈಲಿಯ ಪಡೆಯನ್ನು ನುಚ್ಚುನೂರು ಮಾಡಿದರು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಪಲ್ಲಕ್ಕಿಯಲ್ಲಿ ಕುಳಿತ ಬೈಲಿಯ ಚಿತ್ರವನ್ನು ನೋಡಿದವರಿಗೆ ಈ ಯುದ್ಧ ಗೊತ್ತಿದ್ದೇ ಇರುತ್ತದೆ.

ಕಲ್ಕತ್ತೆಯ ಇಂಗ್ಲಿಷರಿಗೆ ಆ ಸೋಲು ಮುಖಕ್ಕೆ ಹೊಡೆದಂತಾಯಿತು. ಹಿಕ್ಕಿಗೆ ಮುದ್ರಣದ ಕೆಲಸ ಕೊಟ್ಟಿದ್ದ ಐರ್ ಕೂಟ್‌ನನ್ನೇ ಹಣ, ಸೈನ್ಯ ಕೊಟ್ಟು ಹಡಗಿನಲ್ಲಿ ಮದರಾಸಿಗೆ ಕಳಿಸಿದರು. ದಕ್ಷಿಣದ ಯುದ್ಧದ ವಾರ್ತೆ ಪತ್ರಿಕೆಯ ಅಂಕಣಗಳಿಗೆ ಬಂತು. ಅದರ ಜೊತೆಗೆ ಮರಾಠರ ಮೇಲಿನ ಯುದ್ಧವೂ ನಡೆಯುತ್ತಿತ್ತು. ಎರಡು ಕಡೆ ಯುದ್ಧ ಹೂಡಿ ಸೈನಿಕರನ್ನು ಬಲಿಕೊಡುತ್ತಿರುವುದು ಯಾರ ಲಾಭಕ್ಕೆ ಎಂದು ಹಿಕ್ಕಿ ಕೇಳತೊಡಗಿದ. ಸಮಾಜದ ಗಾಳಿಸುದ್ದಿಯಿಂದ ಆರಂಭವಾದ ಪತ್ರಿಕೆ ಒಂದು ವರ್ಷ ತುಂಬುವ ಮೊದಲೇ ಆಡಳಿತದ ಬುಡಕ್ಕೆ ಕೈಹಾಕಿತ್ತು. ಕೆಳದರ್ಜೆಯ ಸೈನಿಕರೂ ಸಣ್ಣ ಅಧಿಕಾರಿಗಳೂ ಅದನ್ನು ಓದುತ್ತಿದ್ದರೆಂಬುದೇ ಹೇಸ್ಟಿಂಗ್ಸ್‌ನ ಚಿಂತೆಗೆ ಕಾರಣವಾಗಿತ್ತು.

ಟಪಾಲಿನ ಬಾಗಿಲು ಮುಚ್ಚಿತು

1780ರ ಕೊನೆಯ ಹೊತ್ತಿಗೆ ಕಲ್ಕತ್ತೆಯಲ್ಲಿ ಎರಡನೆಯ ಪತ್ರಿಕೆಯ ಸಿದ್ಧತೆ ನಡೆದಿತ್ತು, ಅದು ಕಣ್ತೆರೆದದ್ದು ನವೆಂಬರ್ 18ರಂದು. ಹೆಸರು ‘ಇಂಡಿಯಾ ಗೆಜೆಟ್’. ನಡೆಸಿದವರು ರಂಗಭೂಮಿಯ ನಂಟಿದ್ದ ಬರ್ನಾರ್ಡ್ ಮೆಸಿಂಕ್ ಮತ್ತು ಕಂಪನಿಯ ಉಪ್ಪಿನ ವ್ಯವಹಾರದಲ್ಲಿದ್ದ ಪೀಟರ್ ರೀಡ್. ಸರ್ಕಾರಕ್ಕೆ ಬೇಕಾದವರ ಈ ಪತ್ರಿಕೆಗೆ ಟಪಾಲು ಖರ್ಚಿಲ್ಲದೆ ಹೋಗುವ ಅನುಕೂಲ ದೊರೆಯಿತು. ಹಿಕ್ಕಿ ಕೆರಳಿದ. ತನ್ನ ತಲೆಬರಹಕ್ಕೆ ‘ಮೂಲ’ ಎಂಬರ್ಥದ ವಿಶೇಷಣ ಸೇರಿಸಿಕೊಂಡ. ಕಂಪನಿಯ ವ್ಯಾಪಾರ ಮಂಡಳಿಯ ಸಿಮಿಯನ್ ಡ್ರೋಜ್ ತನ್ನಿಂದ ಲಂಚ ನಿರೀಕ್ಷಿಸಿದ್ದ, ಕೊಡದೆ ಇದ್ದುದಕ್ಕೆ ಎದುರಾಳಿಗೆ ಬೆಂಬಲ ಸಿಕ್ಕಿದೆ ಎಂದು ಬರೆದ. ಆ ಮಾತಿನ ಮಧ್ಯೆ ಹೇಸ್ಟಿಂಗ್ಸ್‌ನ ಹೆಂಡತಿ ಮರಿಯನ್ ಹೆಸರೂ ಬಂತು.

ಹೆಂಡತಿಯನ್ನು ಎಳೆದು ತಂದದ್ದು ಹೇಸ್ಟಿಂಗ್ಸ್‌ಗೆ ಸಾಕಾಯಿತು. ಹೊಸ ಪತ್ರಿಕೆ ಹೊರಬರುವ ಮೊದಲೇ, ನವೆಂಬರ್ 14ರಂದು, ಕೌನ್ಸಿಲ್ಲಿನ ಆದೇಶ ಹೊರಟಿತು. ಖಾಸಗಿ ವ್ಯಕ್ತಿಗಳ ಮಾನ ಕಳೆದು ಊರಿನ ಶಾಂತಿ ಕದಡುವ ಬರಹಗಳಿರುವುದರಿಂದ ಈ ಪತ್ರಿಕೆಯನ್ನು ಇನ್ನು ಮುಂದೆ ಜನರಲ್ ಪೋಸ್ಟ್ ಆಫೀಸಿನ ಮೂಲಕ ಕಳಿಸುವಂತಿಲ್ಲ. ಕಂಪನಿಯ ಟಪಾಲನ್ನು 1774ರಲ್ಲಿ ಸಾರ್ವಜನಿಕರಿಗೆ ತೆರೆದವನೇ ಈ ಹೇಸ್ಟಿಂಗ್ಸ್. ನೂರು ಮೈಲಿಗೆ ಎರಡಾಣೆ ಕೊಟ್ಟರೆ ಯಾರ ಕಾಗದವನ್ನಾದರೂ ಒಯ್ಯುವ ಏರ್ಪಾಟು ಅದು. ಈಗ ಒಬ್ಬನಿಗೆ ಮಾತ್ರ ಅದರ ಬಾಗಿಲು ಹಾಕಿತು.

ಆದೇಶದಲ್ಲಿ ಪತ್ರಿಕೆಯನ್ನು ನಿಲ್ಲಿಸಬೇಕೆಂಬ ಮಾತೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಮದರಾಸು, ಬೊಂಬಾಯಿ, ದೂರದ ದಂಡುಗಳಲ್ಲಿದ್ದ ಚಂದಾದಾರರು ತಪ್ಪಿಹೋದರು, ವರಮಾನಕ್ಕೆ ಏಟು ಬಿತ್ತು. ಆದರೂ ಅಚ್ಚು ನಡೆಯುತ್ತಲೇ ಇತ್ತು. ಊರೊಳಗೆ ಹಂಚಲು ಹಿಕ್ಕಿ ಇಪ್ಪತ್ತು ಮಂದಿ ಹರಕಾರರನ್ನು ನೇಮಿಸಿಕೊಂಡ. ತನ್ನನ್ನು ಹಿಂಸಿಸುವವರಿಗೆ ತಲೆಬಾಗುವುದಿಲ್ಲ, ಬೇಕಾದರೆ ಲಾವಣಿ ಕಟ್ಟಿ ಹೋಮರನಂತೆ ಕಲ್ಕತ್ತೆಯ ಬೀದಿಗಳಲ್ಲಿ ಮಾರಿಕೊಂಡು ತಿರುಗುತ್ತೇನೆ ಎಂದು ಸಾರಿದ. ಪತ್ರಿಕೆ ಇನ್ನಷ್ಟು ಖಾರವಾಯಿತು.

ಹೇಸ್ಟಿಂಗ್ಸ್‌ನ ಕಡುವೈರಿ, ಕೌನ್ಸಿಲ್ಲಿನ ಸದಸ್ಯ ಫಿಲಿಪ್ ಫ್ರಾನ್ಸಿಸ್ ಹಿಕ್ಕಿಯ ಬೆನ್ನಿಗಿದ್ದಾನೆಂಬ ಗುಮಾನಿ ಊರಿನಲ್ಲಿತ್ತು. ಆ ವರ್ಷ ಆಗಸ್ಟ್ 17ರಂದು ಹೇಸ್ಟಿಂಗ್ಸ್‌ಗೂ ಫ್ರಾನ್ಸಿಸ್‌ಗೂ ಪಿಸ್ತೂಲಿನ ದ್ವಂದ್ವಯುದ್ಧ ನಡೆದು ಫ್ರಾನ್ಸಿಸ್ ಗಾಯಗೊಂಡಿದ್ದ. ವರ್ಷಾಂತ್ಯಕ್ಕೆ ಅವನು ಇಂಗ್ಲೆಂಡಿಗೆ ಹೊರಟುಹೋದ. ಹಿಕ್ಕಿ ಒಂಟಿಯಾದ.

ಮಾನಹಾನಿಗೊಳಗಾದವನೇ ನ್ಯಾಯಾಧೀಶ

ಎರಡನೆಯ ಏಟು ನ್ಯಾಯಾಲಯದಿಂದ ಬಂತು. 1774ರಲ್ಲಿ ಸ್ಥಾಪನೆಯಾಗಿದ್ದ ಕಲ್ಕತ್ತೆಯ ಸುಪ್ರೀಂ ಕೋರ್ಟು ಕಂಪನಿಯನ್ನು ಅಂಕೆಯಲ್ಲಿಡಬೇಕೆಂಬ ಉದ್ದೇಶದ್ದು. ಆದರೆ ಇಂಪಿ ಹೇಸ್ಟಿಂಗ್ಸ್‌ನ ಶಾಲೆಯ ಗೆಳೆಯ. ಇಬ್ಬರೂ ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ಓದಿದವರು. ಹೇಸ್ಟಿಂಗ್ಸ್ ಮೇಲೆ ದೂರು ಕೊಟ್ಟಿದ್ದ ಮಹಾರಾಜ ನಂದಕುಮಾರನನ್ನು 1775ರಲ್ಲಿ ಕೋರ್ಟಿನ ತೀರ್ಪಿನಂತೆ ನೇಣಿಗೆ ಹಾಕಿದ್ದನ್ನು ಊರು ಮರೆತಿರಲಿಲ್ಲ. ಸಾಲದ್ದಕ್ಕೆ 1780ರ ಅಕ್ಟೋಬರಿನಲ್ಲಿ ಇಂಪಿಗೆ ಕಂಪನಿಯ ಉಚ್ಚ ಸಿವಿಲ್ ನ್ಯಾಯಾಲಯವಾದ ಸದರ್ ದಿವಾನಿ ಅದಾಲತ್ತಿನ ಅಧಿಕಾರವೂ ಸಿಕ್ಕಿತು. ಕಂಪನಿಯನ್ನು ವಿಚಾರಿಸಬೇಕಾದವನು ಕಂಪನಿಯ ಸಂಬಳ ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆ ಹಿಕ್ಕಿಯ ಪುಟಗಳಲ್ಲಿ ಮತ್ತೆ ಮತ್ತೆ ಬಂತು.

ಹಿಕ್ಕಿಯ ಮೇಲೆ ಮಾನಹಾನಿಯ ದೂರು ತಂದವರಲ್ಲಿ ಹೇಸ್ಟಿಂಗ್ಸ್ ಒಬ್ಬ, ಇನ್ನೊಬ್ಬ ಫಿರ್ಯಾದಿ ಸ್ವೀಡನ್ನಿನ ಮಿಷನರಿ ಯೋಹಾನ್ ಜಖಾರಿಯಾಸ್ ಕೀರ್ನಾಂಡರ್. 1758ರಲ್ಲಿ ಕಲ್ಕತ್ತೆಗೆ ಬಂದು, ಸ್ವಂತ ಹಣದಿಂದ ದೊಡ್ಡ ಚರ್ಚು ಕಟ್ಟಿಸಿದ ವೃದ್ಧ. ಅವನು ಎದುರಾಳಿ ಪತ್ರಿಕೆಗೆ ಅಚ್ಚುಮೊಳೆ ಒದಗಿಸಿದ ಎಂಬ ಸಿಟ್ಟು ಹಿಕ್ಕಿಗಿತ್ತು. ಅನಾಥ ಮಕ್ಕಳ ನಿಧಿಯನ್ನು ದುರುಪಯೋಗ ಮಾಡಿಕೊಳ್ಳುತ್ತಿದ್ದಾನೆಂದು ಬರೆದ. ಈ ಜಗಳದಲ್ಲಿ ತತ್ತ್ವಕ್ಕಿಂತ ಕಸುಬಿನ ಹೊಟ್ಟೆಕಿಚ್ಚು ಹೆಚ್ಚಾಗಿತ್ತು.

1781ರ ಜೂನಿನಲ್ಲಿ ಹಿಕ್ಕಿಯನ್ನು ಹಿಡಿದು ಜೈಲಿಗೆ ಹಾಕಿದರು. ಕೇಳಿದ ಜಾಮೀನು 80,000 ರೂಪಾಯಿ. ಚಂದಾ ಹಣದಲ್ಲಿ ಸಂಸಾರ ತೂಗಿಸುತ್ತಿದ್ದವನಿಗೆ ಇದು ಆಗುವ ಮಾತೇ ಆಗಿರಲಿಲ್ಲ. ಅದೇ ತಿಂಗಳು ನಾಲ್ಕು ವಿಚಾರಣೆಗಳು ನಡೆದವು. ಯಾರನ್ನು ವಾರವಾರವೂ ಪೂಲ್‌ಬಂದಿ ಎಂದು ಆಡಿಕೊಂಡಿದ್ದನೋ ಆ ಇಂಪಿಯೇ ಪೀಠದಲ್ಲಿ ಕುಳಿತಿದ್ದ. ಹಿಕ್ಕಿ ತಪ್ಪಿತಸ್ಥನೆಂದು ತೀರ್ಮಾನವಾಯಿತು. ಹೇಸ್ಟಿಂಗ್ಸ್‌ನ ಮಾನಹಾನಿಗೆ ಒಂದು ವರ್ಷ ಸೆರೆ, 2,000 ರೂಪಾಯಿ ದಂಡ. ಕೀರ್ನಾಂಡರ್‌ನ ಮಾನಹಾನಿಗೆ ನಾಲ್ಕು ತಿಂಗಳು, 500 ರೂಪಾಯಿ.

ಅಷ್ಟಾದರೂ ಪತ್ರಿಕೆ ನಿಲ್ಲಲಿಲ್ಲ. ಹಿಕ್ಕಿ ಜೈಲಿನಿಂದ ಬರೆದು ಕಳಿಸುತ್ತಿದ್ದ, ರಾಧಾ ಬಜಾರಿನಲ್ಲಿ ಕೆಲಸಗಾರರು ಮೊಳೆ ಜೋಡಿಸುತ್ತಿದ್ದರು. ಒಂಬತ್ತು ತಿಂಗಳು ಹೀಗೆಯೇ ನಡೆಯಿತು. ಸಂಪಾದಕ ಒಳಗೆ, ಪತ್ರಿಕೆ ಹೊರಗೆ.

ಮೊಳೆಗಳ ಹರಾಜು

ಸರ್ಕಾರಕ್ಕೆ ಕೊನೆಗೂ ಹೊಳೆದದ್ದು ಸುಲಭದ ದಾರಿ. 1782ರ ಜನವರಿಯಲ್ಲಿ ಹೇಸ್ಟಿಂಗ್ಸ್ ಹೊಸ ಮೊಕದ್ದಮೆಗಳನ್ನು ಹೂಡಿದ. ಮಾರ್ಚಿನಲ್ಲಿ ಕೋರ್ಟಿನ ಆದೇಶದಂತೆ ಹಿಕ್ಕಿಯ ಅಚ್ಚುಮೊಳೆಗಳನ್ನು ಜಪ್ತಿ ಮಾಡಿದರು. ಪತ್ರಿಕೆ ಅಲ್ಲಿಗೆ ನಿಂತಿತು. ಹರಾಜಿಗೆ ಬಂದ ಮೊಳೆಗಳನ್ನು ಕೊಂಡವರು ‘ಇಂಡಿಯಾ ಗೆಜೆಟ್’ನವರು. ಹೇಸ್ಟಿಂಗ್ಸ್‌ನನ್ನು ಬೈದ ಅಕ್ಷರಗಳೇ ಮುಂದೆ ಸರ್ಕಾರಕ್ಕೆ ಹಿತವಾದ ಸುದ್ದಿಯನ್ನು ಅಚ್ಚುಹಾಕಿದವು.

ಹಿಕ್ಕಿ ಜೈಲಿನಿಂದ ಹೊರಬಂದದ್ದು 1784ರ ಕೊನೆಗೆ. ಊರು ಬಿಡುವ ಮುನ್ನ ಹೇಸ್ಟಿಂಗ್ಸ್ ಅವನ ಬಾಕಿಯನ್ನು ಮನ್ನಾ ಮಾಡಿದ್ದ. ಆಮೇಲೆ ಹಿಕ್ಕಿ ದೊಡ್ಡ ಸಂಸಾರವನ್ನು ಬಡತನದಲ್ಲಿ ಸಾಗಿಸುತ್ತ, ಸೈನ್ಯದ ನಿಯಮಾವಳಿ ಅಚ್ಚುಹಾಕಿದ ಹಣಕ್ಕಾಗಿ ಕಂಪನಿಗೆ ಅರ್ಜಿ ಮೇಲೆ ಅರ್ಜಿ ಗುಜರಾಯಿಸಿದ. 1795ರ ಸುಮಾರಿಗೆ ಕೈಸೇರಿದ್ದು ಕೇಳಿದ್ದರ ಒಂದು ಸಣ್ಣ ಪಾಲು. 1802ರಲ್ಲಿ ಚೀನಾಕ್ಕೆ ಹೋಗುವ ಹಡಗಿನಲ್ಲಿ ತೀರಿಕೊಂಡ.

ಅವನನ್ನು ಮಣಿಸಿದವರಿಗೂ ಕಾಲ ಒಳ್ಳೆಯದಾಗಿರಲಿಲ್ಲ. ಇಂಪಿಯನ್ನು ಇಂಗ್ಲೆಂಡಿಗೆ ವಾಪಸು ಕರೆಸಿಕೊಂಡರು. ಹಿಕ್ಕಿ ಎತ್ತಿದ್ದ ಸದರ್ ದಿವಾನಿ ಅದಾಲತ್ತಿನ ಪ್ರಶ್ನೆಯೇ ಅದಕ್ಕೆ ಮುಖ್ಯ ಕಾರಣ. ಕೀರ್ನಾಂಡರ್ 1787ರಲ್ಲಿ ದಿವಾಳಿಯಾದ. ಅವನ ಚರ್ಚು ಹರಾಜಿಗೆ ಬೀಳುವಂತಾದಾಗ ಕಂಪನಿಯ ಅಧಿಕಾರಿ ಚಾರ್ಲ್ಸ್ ಗ್ರಾಂಟ್ 10,000 ರೂಪಾಯಿ ಕೊಟ್ಟು ಉಳಿಸಿಕೊಂಡ. ಹೇಸ್ಟಿಂಗ್ಸ್ ಮೇಲೆ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ 1788ರಲ್ಲಿ ಆರಂಭವಾದ ಮಹಾಭಿಯೋಗ ಮುಗಿದು ಅವನು ಖುಲಾಸೆಯಾದದ್ದು 1795ರಲ್ಲಿ.

ಶ್ರೀರಂಗಪಟ್ಟಣ ಬಿದ್ದ ತಿಂಗಳು

ಹಿಕ್ಕಿಯ ಸೋಲನ್ನು ನೋಡಿ ಪತ್ರಿಕೆಗಳು ಹೆದರಿ ಕೂರಲಿಲ್ಲ. 1784ರಲ್ಲಿ ‘ಕಲ್ಕತ್ತಾ ಗೆಜೆಟ್’, 1785ರಲ್ಲಿ ‘ಬೆಂಗಾಲ್ ಜರ್ನಲ್’, ಅದೇ ವರ್ಷ ಮದರಾಸಿನಲ್ಲಿ ‘ಮದ್ರಾಸ್ ಕೊರಿಯರ್’, 1789ರಲ್ಲಿ ‘ಬಾಂಬೆ ಹೆರಾಲ್ಡ್’ ಹುಟ್ಟಿದವು. ಹೆಚ್ಚಿನವು ಸರ್ಕಾರದ ಜಾಹೀರಾತು, ಟಪಾಲು ರಿಯಾಯಿತಿಗಳನ್ನು ನೆಚ್ಚಿಕೊಂಡಿದ್ದವು. ಹದ್ದು ಮೀರಿದವರಿಗೆ ಬೋಲ್ಟ್ಸ್‌ನ ಗತಿಯೇ ಆಯಿತು. ಕಲ್ಕತ್ತೆಯ ಸಂಪಾದಕ ವಿಲಿಯಂ ಡುವೇನ್‌ನನ್ನು ಹಿಡಿದು ಹಡಗು ಹತ್ತಿಸಿದರು. ಅವನು ಅಮೆರಿಕ ಸೇರಿ ಫಿಲಡೆಲ್ಫಿಯಾದ ‘ಅರೋರಾ’ ಪತ್ರಿಕೆಯ ಸಂಪಾದಕನಾಗಿ ಹೆಸರು ಮಾಡಿದ.

ಬರಹದಲ್ಲಿ ಪತ್ರಿಕಾ ನಿಯಮಗಳು ಬಂದದ್ದು 1799ರ ಮೇ ತಿಂಗಳಲ್ಲಿ. ಟಿಪ್ಪುವಿನ ಮೇಲಿನ ಕೊನೆಯ ಯುದ್ಧದ ಉಸ್ತುವಾರಿಗೆ ಗವರ್ನರ್ ಜನರಲ್ ವೆಲ್ಲೆಸ್ಲಿ ಮದರಾಸಿನಲ್ಲಿ ಬೀಡುಬಿಟ್ಟಿದ್ದ. ಕಲ್ಕತ್ತೆಯ ಪತ್ರಿಕೆಗಳು ಕಂಪನಿಯ ಸೈನ್ಯಬಲವನ್ನು ಕುರಿತು ಬರೆಯುವುದನ್ನು ನೋಡಿ ಅವನಿಗೆ ರೇಗಿತು. ಸಂಪಾದಕರ ಕುಲಕ್ಕೇ ಒಂದು ನಿಯಮ ಮಾಡಿ ಕಳಿಸುತ್ತೇನೆಂದು ಅಲ್ಲಿಂದಲೇ ಕಾಗದ ಬರೆದ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಅದೇ ತಿಂಗಳು ನಿಯಮಗಳು ಜಾರಿಯಾದವು. ಮುದ್ರಕನ ಹೆಸರು ಪತ್ರಿಕೆಯ ಕೆಳಗೆ ಇರಬೇಕು, ಮಾಲೀಕ ಮತ್ತು ಸಂಪಾದಕರ ಹೆಸರು ವಿಳಾಸ ಸರ್ಕಾರದ ಕಾರ್ಯದರ್ಶಿಗೆ ಕೊಡಬೇಕು, ಭಾನುವಾರ ಪ್ರಕಟಿಸಕೂಡದು, ಕಾರ್ಯದರ್ಶಿ ಮೊದಲು ನೋಡದೆ ಏನನ್ನೂ ಅಚ್ಚುಹಾಕಕೂಡದು. ಮೀರಿದರೆ ಕೂಡಲೇ ಯುರೋಪಿಗೆ ಗಡೀಪಾರು. ಹಿಕ್ಕಿಯ ವಿಷಯದಲ್ಲಿ ಮೂರು ಇಲಾಖೆಗಳು ಒಂದೂವರೆ ವರ್ಷ ಹೆಣಗಿ ಮಾಡಿದ್ದು ಈಗ ಒಬ್ಬ ಕಾರ್ಯದರ್ಶಿಯ ಮೇಜಿನ ಮೇಲೆ ಮುಗಿಯುವಂತಾಯಿತು.

ಈ ಪೂರ್ವಪರಿಶೀಲನೆ 1818ರಲ್ಲಿ ರದ್ದಾಯಿತು. ಆದರೆ 1823ರಲ್ಲಿ ‘ಕಲ್ಕತ್ತಾ ಜರ್ನಲ್’ನ ಜೇಮ್ಸ್ ಸಿಲ್ಕ್ ಬಕಿಂಗ್‌ಹ್ಯಾಮ್ ಗಡೀಪಾರಾದ, ಪರವಾನಗಿ ಇಲ್ಲದೆ ಪತ್ರಿಕೆ ನಡೆಸಕೂಡದೆಂಬ ಹೊಸ ಕಟ್ಟಳೆ ಬಂತು. ಅದನ್ನು ಪ್ರತಿಭಟಿಸಿ ರಾಜಾ ರಾಮಮೋಹನ ರಾಯರು ತಮ್ಮ ಪಾರಸಿ ವಾರಪತ್ರಿಕೆ ‘ಮಿರಾತ್-ಉಲ್-ಅಖ್ಬಾರ್’ ಅನ್ನು ಒಂದೇ ವರ್ಷದಲ್ಲಿ ನಿಲ್ಲಿಸಿದರು. ಕಲ್ಕತ್ತೆಯಲ್ಲಿ 1826ರ ಮೇ 30ರಂದು ಆರಂಭವಾದ ಮೊದಲ ಹಿಂದಿ ವಾರಪತ್ರಿಕೆ ‘ಉದಂತ ಮಾರ್ತಾಂಡ’ ಮರುವರ್ಷ ಡಿಸೆಂಬರಿಗೆ ಮುಚ್ಚಿತು. ಹಿಂದಿ ಓದುಗರು ದೂರದ ಊರುಗಳಲ್ಲಿದ್ದರು, ಟಪಾಲು ರಿಯಾಯಿತಿ ಸಿಗಲಿಲ್ಲ. ಹಿಕ್ಕಿಗೆ ಬಿದ್ದ ಮೊದಲ ಏಟೇ ಅದರ ಸಂಪಾದಕ ಜುಗಲ್ ಕಿಶೋರ್ ಶುಕ್ಲರ ಪಾಲಿಗೂ ಬಂದಿತ್ತು.

ಕನ್ನಡಕ್ಕೆ ಪತ್ರಿಕೆ ಬರಲು ಹಿಕ್ಕಿಯಿಂದ ಅರವತ್ತಮೂರು ವರ್ಷ ಹಿಡಿಯಿತು. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದ. ಅದೂ ನಾಲ್ಕು ಪುಟದ್ದೇ, ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಮಿಷನ್ನಿನ ಆಸರೆಯಿದ್ದ ಆ ಪತ್ರಿಕೆಗೆ ಕೋರ್ಟು, ಜಪ್ತಿಗಳ ಕಾಟವೇನೂ ಇರಲಿಲ್ಲ. ಆದರೂ ಮಂಗಳೂರಿನಲ್ಲಿ ಅದು ವರ್ಷ ತುಂಬಲಿಲ್ಲ. 1844ರಲ್ಲಿ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಅಚ್ಚುಮೊಳೆಯಲ್ಲಿ ಮುದ್ರಣವಾಗತೊಡಗಿತು.